ದ್ರಾಕ್ಷಾರಿಷ್ಟದ ರುಚಿ ಮತ್ತು ಬೆಲೆಯ ಬಗ್ಗೆ

ಆತ್ಮೀಯರೇ, ನಮಸ್ಕಾರ.

ಒಣದ್ರಾಕ್ಷಿ, ಬೆಲ್ಲ ಹುದುಗಿಸಿ ನಾವು ಮಾಡುವ ಆಯುರ್ವೇದ ಔಷಧಿ ದ್ರಾಕ್ಷಾರಿಷ್ಟ ಈ ಸಲ ಆರು ವಾರ ತಡವಾಯಿತು. ಬಣ್ಣ ಕಪ್ಪಾಗಿದೆ. 450 ಮಿಲಿ ಬಾಟಲಿಗೆ 35 ರೂಪಾಯಿ ಜಾಸ್ತಿಯಾಗಿದೆ. ಇದನ್ನೆಲ್ಲ ನಿಮಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಕ್ಷಮಿಸಿ.

ಆದರೆ ಒಂದು ಮಾತು ಕೇಳಿ ಕೇಳಿ ಬೇಜಾರಾಗಿದೆ. "ಮೊದಲಿನ ಸಿಹಿ ಇಲ್ಲ, ಬೆಲ್ಲ ಉಳಿಸ್ತಿದ್ದೀರಿ" ಅನ್ನುತ್ತಾರೆ. ಒಂದು ಗ್ರಾಂ ಕೂಡ ಉಳಿಸಿಲ್ಲ. ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯಲ್ಲಿ ಅರ್ಧ ತುಲಾ ದ್ರಾಕ್ಷಿಗೆ ಎರಡು ತುಲಾ ಬೆಲ್ಲ ಅಂತಿದೆ. ಈಗಿನ ಲೆಕ್ಕದಲ್ಲಿ 2.4 ಕಿಲೋ ಒಣದ್ರಾಕ್ಷಿಗೆ 9.6 ಕಿಲೋ ಬೆಲ್ಲ. ಆರೇಳು ನೂರು ವರ್ಷ ಹಳೆಯ ಅಳತೆ ಅದು. ಅಂದೂ ಇಂದೂ ನಾವು ತೂಗುವುದು ಅಷ್ಟನ್ನೇ. ಬೇಕಾದರೆ ಬಂದು ತಕ್ಕಡಿ ನೋಡಿ.

ಹಾಗಾದರೆ ಸಿಹಿ ಎಲ್ಲಿ ಹೋಯಿತು? ಹುದುಗು ತಿಂದಿತು. ಅರಿಷ್ಟ ಆಗುವುದೇ ಹಾಗೆ, ಅಲ್ವಾ? ಮೊದಲು ನಾವು ತರುತ್ತಿದ್ದದ್ದು ಹಳದಿ ಬೆಲ್ಲ. ಆ ಬಣ್ಣ ಬರಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ಗಂಧಕದ ರಾಸಾಯನಿಕ ಹಾಕಿರುತ್ತಾರೆ. ಹೊಂಬಣ್ಣದ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಹಣ್ಣು ಕೆಡದಂತೆ ಕಾಯುವ ಆ ಗಂಧಕವೇ ಜಾಡಿಯೊಳಗೆ ಹುದುಗನ್ನೂ ತಡೆಯುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಹುದುಗು ಬರಲಿ ಅಂತ ಎಷ್ಟು ಧಾತಕಿ ಹೂವು ಹಾಕಿದರೂ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ನಿಮಗೆ ಹಿಡಿಸಿದ್ದ ಸಿಹಿ ಹಾಗೆ ಉಳಿದುಹೋದ ಬೆಲ್ಲದ್ದು. ಹೇಳಲು ಸಂಕಟವಾಗುತ್ತದೆ, ಆದರೂ ನಿಜ.

ಹೋದ ಮಳೆಗಾಲದಲ್ಲಿ ನಾಲ್ಕು ಜಾಡಿಯಲ್ಲಿ ಹುದುಗು ಏಳಲೇ ಇಲ್ಲ. ಕಿವಿಯಿಟ್ಟರೆ ಚೂರೂ ಸದ್ದಿಲ್ಲ. ಎಲ್ಲ ಚೆಲ್ಲಿದೆವು. ಬೆಲ್ಲ ಕೊಟ್ಟವರು "ಏನೂ ಬೆರೆಸಿಲ್ಲ" ಅಂದುಬಿಟ್ಟರು. ನಷ್ಟ ಪೂರ್ತಿ ನಮ್ಮ ತಲೆಗೆ ಬಂತು.

ಈಗ ಆಲೆಮನೆಗೆ ನಾವೇ ಹೋಗಿ, ಎದುರಿಗೆ ನಿಂತು ಹೈಡ್ರೋಸ್ ಹಾಕದ ಕಪ್ಪು ಬೆಲ್ಲ ಮಾಡಿಸಿ ತರುತ್ತೇವೆ. ವಿಜಯಪುರದ ಕಡೆಯಿಂದ ಹೊಗೆ ಕೊಡದ ದ್ರಾಕ್ಷಿ ತರಿಸುತ್ತೇವೆ. ಎರಡಕ್ಕೂ ದರ ಜಾಸ್ತಿ, ಸಾಗಣೆ ಬೇರೆ. ಇದಕ್ಕೆ ಹಾಕುವ ಮೂಲಿಕೆ ನಾಗಕೇಸರದ ಬೆಲೆಯಂತೂ ಹೇಳುವುದೇ ಬೇಡ. ಅದರ ಬದಲು ಅಗ್ಗದ ಸುರಗಿ ಮೊಗ್ಗು ಹಾಕಿ ಅಂದವರೂ ಇದ್ದಾರೆ. ಅದು ನಮ್ಮಿಂದ ಆಗದು. ಆ 35 ರೂಪಾಯಿ ಹೋಗುವುದು ಇವಕ್ಕೇ, ನಮ್ಮ ಜೇಬಿಗಲ್ಲ.

ಜಾಡಿಯ ಬಾಯಿ ಕಟ್ಟಿ ಮಣ್ಣು ಮೆತ್ತಿದ ಮೇಲೆ ಅವಸರ ಮಾಡುವಂತಿಲ್ಲ. ಒಳಗೆ ಹುದುಗುವ ಸದ್ದು ನಿಲ್ಲಬೇಕು. ಬೆಂಕಿಕಡ್ಡಿ ಗೀರಿ ಬಾಯಿಗೆ ಹಿಡಿದರೆ ಆರದೆ ಉರಿಯಬೇಕು. ಆಮೇಲೆಯೇ ಸೋಸುವುದು. ಈ ಸಲ ತಡವಾದದ್ದು ಅದಕ್ಕೇ. ಹೊರಗಿನಿಂದ ಮದ್ಯಸಾರ ಒಂದು ಹನಿಯೂ ಹಾಕುವುದಿಲ್ಲ, ಒಳಗೆ ತಾನಾಗಿ ಹುಟ್ಟಿದ್ದು ಮಾತ್ರ ಇರುತ್ತದೆ.

ಸಿಹಿ ಕಡಿಮೆಯಾಗಿದೆ ಅಂತ ಸಕ್ಕರೆ ಕಾಯಿಲೆಯವರು ಸುಮ್ನೆ ಕುಡಿಯಬೇಡಿ. ಇನ್ನೂ ಬೇಕಾದಷ್ಟು ಬೆಲ್ಲ ಉಳಿದಿರುತ್ತದೆ. ನಿಮ್ಮ ವೈದ್ಯರನ್ನು ಕೇಳಿ. ತಳದ ಗಸಿಗೆ ಹೆದರಬೇಡಿ. ವಿನೆಗರ್ ವಾಸನೆ ಬಂದರೆ ಮಾತ್ರ ಬಾಟಲಿ ವಾಪಸ್ ತನ್ನಿ. ರಶೀದಿ ಬೇಡ, ನಿಮ್ಮ ಮುಖ ನಮಗೆ ಗೊತ್ತಿದೆ. ಬೇರೆ ಬಾಟಲಿ ಕೊಡುತ್ತೇವೆ.

ಇಂತಿ,
ನಿಮ್ಮ ಔಷಧಿ ಸಹಕಾರ ಸಂಘದವರು