ಮಗಳಿಗೊಂದು ಪತ್ರ: ಸೊಹ್ರಾದ ಗೊರಬು

ತೀರ್ಥಹಳ್ಳಿ

ಪ್ರೀತಿಯ ಪುಟ್ಟೀ,

ಊರು ಮುಟ್ಟಿ ಎಂಟು ದಿನವಾಯ್ತು, ಸೀರೆಗಳ ಮುಗ್ಗಲು ವಾಸನೆ ಇನ್ನೂ ಹೋಗಿಲ್ಲ. ಆಗುಂಬೆ ಮಳೆ ನೋಡಿದವಳು ಅನ್ನೋ ನನ್ನ ಜಂಭವನ್ನು ನಿನ್ನ ಸೊಹ್ರಾ, ನಮ್ಮ ಪಾಠಪುಸ್ತಕದ ಚಿರಾಪುಂಜಿ, ಒಂದೇ ಮಧ್ಯಾಹ್ನದಲ್ಲಿ ಇಳಿಸಿಬಿಟ್ಟಿತು.

ನಾಂಗ್‌ಸಾವ್ಲಿಯಾ ಚರ್ಚಿನೆದುರು ನೀನು ಕೇಳಿದ್ದೆ: ‘ಅಮ್ಮಾ, ಇಲ್ಲಿಯವರ ಖಾಸಿ ಭಾಷೆಯ ಅಕ್ಷರಮಾಲೆಯಲ್ಲಿ ಎ, ಬಿ ಆದಮೇಲೆ ಕೆ ಯಾಕೆ?’ ಮೂವತ್ತು ವರ್ಷ ಅ ಆ ಇ ಈ ತಿದ್ದಿಸಿದ ಟೀಚರಮ್ಮ ಬಾಯಿಮುಚ್ಚಿಕೊಂಡು ಬಂದಿದ್ದೆ. ಈಗ ಓದಿ ತಿಳಿದುಕೊಂಡೆ.

ವೇಲ್ಸಿನ ಬಡಗಿಯ ಮಗ, ಮಿಷನರಿ ಥಾಮಸ್ ಜೋನ್ಸ್, ಹೆಂಡತಿ ಆ್ಯನ್ ಜೊತೆ 1841ರ ಜೂನ್ 22ಕ್ಕೆ ಸೊಹ್ರಾ ಮುಟ್ಟಿದ. ಜೂನ್‌ನಲ್ಲಿ ಅಲ್ಲಿಗೆ ಹೋಗ್ತಾರೇನೇ ಯಾರಾದರೂ! ಅದಕ್ಕೂ ಮುಂಚೆ ಸೆರಾಂಪುರದ ಮಿಷನರಿಗಳು ಖಾಸಿಯನ್ನು ಬಂಗಾಳಿ ಲಿಪಿಯಲ್ಲಿ ಬರೆಯಲು ನೋಡಿದ್ದರು, ಅದು ನಿಲ್ಲಲಿಲ್ಲ. ಇವನು ರೋಮನ್ ಲಿಪಿ ಹಿಡಿದ, ಅದೂ ತನ್ನ ವೆಲ್ಶ್ ರೂಢಿಯಂತೆ. ವೆಲ್ಶ್‌ನಲ್ಲಿ ಸಿ ಅಂದರೆ ಯಾವಾಗಲೂ ‘ಕ’. ಮುಂದೆ ಸಿ ಹೋಗಿ ಕೆ ಬಂತು, ಬಂದದ್ದು ಸಿ ಬಿಟ್ಟೆದ್ದ ಮಣೆಯ ಮೇಲೇ ಕೂತಿತು. ಅದೇ ಹೊತ್ತಿಗೆ ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ‘ಮಂಗಳೂರ ಸಮಾಚಾರ’ ತರುತ್ತಿದ್ದರು, 1843ರಲ್ಲಿ. ಕನ್ನಡಕ್ಕೆ ಲಿಪಿ ಇತ್ತು, ಕಲ್ಲಚ್ಚು ಸಾಕಾಯಿತು.

ಇಷ್ಟೆಲ್ಲ ಓದಿಯೂ ನನ್ನ ಮನಸ್ಸು ನಿಂತದ್ದು ಆ್ಯನ್ ಹತ್ತಿರ. 1845ರಲ್ಲಿ, ಹೆರಿಗೆಯ ಬೆನ್ನಿಗೇ, ತೀರಿಕೊಂಡಳು. ಮರುವರ್ಷ ಮೊದಲ ಖಾಸಿಗಳ ದೀಕ್ಷಾಸ್ನಾನವಾಗಿ ಕ್ರೈಸ್ತ ಸಭೆ ಹುಟ್ಟಿತು, ಅವಳು ನೋಡಲಿಲ್ಲ. ಅವನ ಬಗ್ಗೆಯಾದರೆ ಪುಟಗಟ್ಟಲೆ ಇದೆ: ಮರುಮದುವೆ, ಇಂಗ್ಲಿಸ್ ಎಂಬ ವ್ಯಾಪಾರಿ ಜೊತೆ ಜಟಾಪಟಿ, 1847ರಲ್ಲಿ ಮಿಷನ್ನೇ ಹೊರಗೆ ಹಾಕಿದ್ದು, 1849ರಲ್ಲಿ ಮಲೇರಿಯಾ ಹತ್ತಿ ಕಲ್ಕತ್ತೆಯಲ್ಲಿ ಸತ್ತದ್ದು. ಹೊರಗೆ ಹಾಕಿಸಿಕೊಂಡವನ ಹೆಸರಲ್ಲಿ ಈಗ ಸರ್ಕಾರಿ ರಜೆ. ಅವಳ ಬಗ್ಗೆ ನನಗೆ ಸಿಕ್ಕಿದ್ದು ಎರಡು ಸಾಲು.

ಹಾಗಂತ ಅಲ್ಲಿ ಹೆಣ್ಣಿಗೆ ಬೆಲೆಯಿಲ್ಲ ಅನ್ನೋ ಹಾಗಿಲ್ಲ ಮಾರಾಯ್ತಿ. ಚರ್ಚಿಗೆ ಸೇರಿದ ಮೇಲೂ ಕುಲದ ಹೆಸರು ತಾಯಿಯದೇ, ತಾಯಿಮನೆ ಕಿರಿಮಗಳಿಗೇ. ಇದನ್ನು ನಿನ್ನ ಅಣ್ಣನಿಗೆ ಹೇಳಿದೆ, ಅವನ ಮುಖ ನೋಡಬೇಕಿತ್ತು.

1897ರ ಜೂನ್ 12ರ ಭೂಕಂಪಕ್ಕೆ ಆ ಬೆಟ್ಟಗಳ ಕಲ್ಲುಕಟ್ಟಡಗಳು ಕುಸಿದು ಬಿದ್ದವು. ಜನ ಮತ್ತೆ ಕಟ್ಟಿಕೊಂಡರು. ವೇಲ್ಸಿನವರು ಹೋಗಿ ಐವತ್ತು ವರ್ಷದ ಮೇಲಾಯ್ತು, ಈಗ ಸಭೆ ನಡೆಸುವುದೆಲ್ಲ ಅಲ್ಲಿಯವರೇ ಆರಿಸಿದ ಹಿರಿಯರು.

ರಸ್ತೆಯಂಚಲ್ಲಿ ಮಳೆಗೆ ಅಡ್ಡವಾಗಿ ಬೆನ್ನಿಗೆ ಕ್ನುಪ್ ಅನ್ನೋ ಬಿದಿರಿನ ಹೊದಿಕೆ ಕವುಚಿಕೊಂಡು ಬಗ್ಗಿ ಕೆಲಸ ಮಾಡುತ್ತಿದ್ದ ಹೆಂಗಸು ನೆನಪಿದೆಯಾ? ನಾನು ‘ಅಯ್ಯೋ, ಗೊರಬು!’ ಅಂದದ್ದಕ್ಕೆ ತಿರುಗಿ ನಕ್ಕಳಲ್ಲ. ಬಂದವಳೇ ಅಟ್ಟದಿಂದ ಅಜ್ಜಿಯ ಗೊರಬು ಇಳಿಸಿದೆ. ಬಿದಿರಿನ ಹೆಣಿಗೆ ಥೇಟ್ ಅದೇ, ಎಲೆಗಳನ್ನು ಮಾತ್ರ ಗೆದ್ದಲು ತಿಂದಿದೆ. ಆ ಮೊದಲ ಜೂನ್‌ನಲ್ಲಿ ಆ್ಯನ್‌ಗೂ ಯಾರಾದರೂ ಒಂದು ಹೊದಿಸಿದ್ದರೋ ಏನೋ.

ಜೂನ್ 22ಕ್ಕೆ, ಜೋನ್ಸ್ ಬಂದ ದಿನಕ್ಕೆ, ಹೇಗೂ ನಿನಗೆ ರಜೆ. ಸೊಹ್ರಾ ಕಡೆ ಹೋದರೆ ಒಂದು ಕ್ನುಪ್‌ಗೆ ಎಷ್ಟು ಅಂತ ಕೇಳಿ ಬಾ. ವಿಮಾನದವರು ಬಿಡುತ್ತಾರೋ ಇಲ್ಲವೋ ಆಮೇಲೆ ನೋಡೋಣ.

ನಿನ್ನ
ಅಮ್ಮ