ಲೊಕೇಶನ್ ಆಫ್ ಮಾಡಿದ ಮಗಳಿಗೆ

ಮಗಾ,

ಫೋನ್ ಎತ್ತುದಿಲ್ಲ, ಬ್ಲೂ ಟಿಕ್ ಬರ್ತದೆ ಉತ್ತರ ಬರುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಕೂತು ಇಷ್ಟುದ್ದ ಟೈಪ್ ಮಾಡ್ತಾ ಇದ್ದೇನೆ. ಲೈವ್ ಲೊಕೇಶನ್ ಆನ್ ಮಾಡು ಅಂದದ್ದಕ್ಕೆ "ಪಪ್ಪ, ಪುಟ್ಟಸ್ವಾಮಿ ಕೇಸ್ ಓದಿ" ಅಂತ ಹೇಳಿ ಬೆಂಗಳೂರು ಬಸ್ ಹತ್ತಿದಿ. ಪ್ರೈವೆಸಿ ಹಕ್ಕನ್ನು ಸಂವಿಧಾನದಲ್ಲಿ ಬೇರೆಯೇ ವಿಧಿಯಾಗಿ ಬರೀಬೇಕು ಅಂತ ನಾನು, ಬೇಡ ಅಂತ ನೀನು, ಉಳಿದದ್ದು ಇಬ್ಬರಿಗೂ ಗೊತ್ತುಂಟು, ಬಿಡು. ಪಕ್ಕದ ಅಂಗಡಿಯವರಿಗೆಲ್ಲ ಹೇಳಿ ಆಯ್ತು, ಮಗಳು ಕೇಸ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದಳು ಅಂತ.

ಓದಿದೆ ಮಾರಾಯ್ತಿ. 2017ರ ಆಗಸ್ಟ್ 24, ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳೂ ಒಂದೇ ಮಾತು, ಪ್ರೈವೆಸಿ ಮೂಲಭೂತ ಹಕ್ಕು, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯಲ್ಲೇ ಉಂಟು. ಮತ್ತೆ ಬೇರೆ ಬರೆಯುದೆಂತಕ್ಕೆ ಅಂತ ನಿನ್ನ ವಾದ. ಆದ್ರೆ 1954ರಲ್ಲಿ ಎಂಟು ಜನ, 1962ರಲ್ಲಿ ಆರು ಜನರ ಪೀಠ ಅಂಥ ಹಕ್ಕು ಇಲ್ಲ ಅಂದಿತ್ತಲ್ಲ, ನಾಳೆ ಹನ್ನೊಂದು ಜನ ಕೂತು ಮತ್ತೆ ಇಲ್ಲ ಅಂದ್ರೆ? ಅಮೆರಿಕದಲ್ಲಿ 1973ರಲ್ಲಿ ಪ್ರೈವೆಸಿ ಲೆಕ್ಕದಲ್ಲೇ ಸಿಕ್ಕಿದ ಗರ್ಭಪಾತದ ಹಕ್ಕು 2022ರಲ್ಲಿ ಹೋಯ್ತು, ಅಲ್ಲಿಯ ಸಂವಿಧಾನದಲ್ಲೂ ಪ್ರೈವೆಸಿ ಅನ್ನುವ ಶಬ್ದ ಇಲ್ಲ. ನಮ್ಮಲ್ಲಿ ಸಂವಿಧಾನ ಬರೆಯುವಾಗಲೇ ಇದರ ಚರ್ಚೆ ಆಗಿತ್ತು, ಪೊಲೀಸ್ ತನಿಖೆಗೆ ತೊಂದರೆ ಅಂತ ಆಕ್ಷೇಪ ಎತ್ತಿದವರಲ್ಲಿ ಸಂವಿಧಾನ ಸಭೆಯ ಸಲಹೆಗಾರ, ನಮ್ಮ ಮಂಗಳೂರಿನ ಬಿ.ಎನ್. ರಾವ್ ಕೂಡ ಒಬ್ಬರು. ಊರಿನವರು, ದೊಡ್ಡವರು, ಆದ್ರೂ ಇದೊಂದು ವಿಷಯದಲ್ಲಿ ನಾನು ಅವರ ಜೊತೆ ಇಲ್ಲ.

ನನ್ನ ಹೆದರಿಕೆ ಪೊಲೀಸರದ್ದಲ್ಲ. 2012ರ ಜುಲೈ ತಿಂಗಳು ಮಂಗಳೂರಿನ ಪಡೀಲಿನ ಹೋಂಸ್ಟೇ ಗಲಾಟೆ, ನೀನಾಗ ಸಣ್ಣವಳು. ಬರ್ತ್‌ಡೇ ಪಾರ್ಟಿ ಮಾಡ್ತಿದ್ದ ಮಕ್ಕಳ ಮೇಲೆ ಹುಡುಗರ ಗುಂಪು ನುಗ್ಗಿ ಹೊಡೆದದ್ದು. ಹೊಡೆದದ್ದಕ್ಕಿಂತ ನನಗೆ ಆ ಕ್ಯಾಮೆರಾ ಮರೆಯುದಿಲ್ಲ. ಟಿವಿಯಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ರು, ಹುಡುಗಿಯರು ಮುಖ ಮುಚ್ಚಿಕೊಳ್ಳುವುದು, ಓಡುವುದು. ಎದುರಿನ ಹೋಟೆಲಲ್ಲಿ ಜನ ಚಾ ಗ್ಲಾಸ್ ಹಿಡಿದು ನಿಂತು ನೋಡ್ತಿದ್ರು, ನನ್ನ ಹತ್ರ ಜೆರಾಕ್ಸಿಗೆ ಬಂದವನೂ ಪೇಪರ್ ಬಿಟ್ಟು ಅಲ್ಲಿ ಹೋಗಿ ನಿಂತ, "ಯಾರ ಮಕ್ಕಳು ಇವರು, ಎಂತ ಕೆಲಸ ಇವರಿಗೆ ಅಲ್ಲಿ" ಅಂತ. ಹೊಡೆದವರು ಯಾರ ಮಕ್ಕಳು ಅಂತ ಒಬ್ಬನೂ ಕೇಳ್ಲಿಲ್ಲ. ಈಗ ಆ ಕ್ಯಾಮೆರಾ ಎಲ್ಲರ ಕಿಸೆಯಲ್ಲೂ ಉಂಟು. ಬಸ್ಸಲ್ಲಿ ಯಾವನ ಜೊತೆ ಕೂತಿದ್ದಿ, ಅವನ ಹೆಸರೆಂತ, ಜಾತಿ ಯಾವುದು, ಕೇಳುವವರು ಊರಲ್ಲಿ ಈಗಲೂ ಇದ್ದಾರೆ, ಮುಂದೆ ನಿನ್ನನ್ನೂ ಕೇಳ್ತಾರೆ ಅಂತಲೇ ನನಗೆ ರಾತ್ರಿ ನಿದ್ದೆ ಬರುದಿಲ್ಲ.

ಅದಕ್ಕೇ ಬರೆಯುದಾದ್ರೆ ಅಸ್ಪೃಶ್ಯತೆ ನಿಷೇಧದ 17ನೇ ವಿಧಿಯ ಹಾಗೆ ಬರೀಬೇಕು ಅನ್ನುದು. ಅಸ್ಪೃಶ್ಯತೆ ಮಾಡಿದ್ದು ಸರ್ಕಾರವೋ ಪಕ್ಕದ ಮನೆಯವನೋ ಅಂತ ಅದು ನೋಡುದಿಲ್ಲ. 2023ರ ತೀರ್ಪಲ್ಲಿ 21ನೇ ವಿಧಿಯನ್ನು ಖಾಸಗಿಯವರ ಮೇಲೂ ತರಬಹುದು ಅಂದಿದ್ದಾರೆ ಅಂತೀ, ಹೌದು, ಆದ್ರೆ ಅದೂ ತೀರ್ಪೇ ಅಲ್ವಾ? ಪಡೀಲಿನಲ್ಲಿ ಬಾಗಿಲು ದೂಡಿದವನ ಎದುರು ಯಾವ ತೀರ್ಪು ಓದ್ಲಿಕ್ಕಾಗ್ತದೆ? ನೀನು ಹೇಳುವೆ ವಿಧಿಯೂ ಓದ್ಲಿಕ್ಕಾಗುದಿಲ್ಲ ಅಂತ. ಒಪ್ಪಿದೆ. ಆದ್ರೆ ಶಾಲೆ ಪುಸ್ತಕದಲ್ಲಿ ಮಕ್ಕಳು 17ನೇ ವಿಧಿ ಬಾಯಿಪಾಠ ಮಾಡ್ತಾರೆ, ತೀರ್ಪು ಮಾಡುದಿಲ್ಲ.

ಇಷ್ಟೆಲ್ಲ ಹೇಳುವ ನಾನೇ ಲೊಕೇಶನ್ ಕೇಳಿದ್ದು, ಗೊತ್ತುಂಟು. ನಿನಗೆ ಬೇಜಾರಾಗಿದ್ರೆ ಸಾರಿ, ಆದ್ರೆ ಕೇಳುದು ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ.

ಇನ್ನೊಂದು, ಪಿಜಿಯವರು ಆಧಾರ್ ಜೆರಾಕ್ಸ್ ಕೇಳಿದ್ರೆ ಮಾಸ್ಕ್ಡ್ ಆಧಾರ್ ಕೊಡು, ಕೊನೆಯ ನಾಲ್ಕು ನಂಬರ್ ಮಾತ್ರ ಕಾಣ್ತದೆ. ನನ್ನ ಅಂಗಡಿಯ ಕಸದ ಬುಟ್ಟಿಯಲ್ಲಿ ಎಷ್ಟು ಜನರ ಮುಖ, ಹುಟ್ಟಿದ ತಾರೀಕು ಬಿದ್ದಿರ್ತದೆ ಅಂತ ನಿನಗೆ ಗೊತ್ತಿಲ್ಲ, ನಾನು ಹರಿದು ಹಾಕ್ತೇನೆ, ಎಲ್ಲರೂ ಹಾಕುದಿಲ್ಲ. 17ನೇ ವಿಧಿಯ ವಿಷಯ ನಿನ್ನ ಸರ್ ಹತ್ರ ಕೇಳು, ಅವರು ಎಂತ ಹೇಳಿದ್ರು ಅಂತ ಬರಿ. ನನ್ನದು ತಪ್ಪು ಅಂದ್ರೂ ಬರಿ.

ಪಪ್ಪ