‘ಅಂತೆ’ ಎಲ್ಲಿ ಬಿದ್ದುಹೋಯಿತು?

ಪ್ರೀತಿಯ ಹುಡುಗಿ,

ನಾಟಕದ ನಿರ್ದೇಶಕನೊಬ್ಬ ನಿನ್ನ ಜೊತೆ ಕೆಟ್ಟದಾಗಿ ನಡೆದುಕೊಂಡದ್ದನ್ನು ಪ್ರಕಟಿಸಬೇಕೆಂದು ನೀನು ಬರೆದ ಹನ್ನೊಂದು ಪುಟ ಕೈಗೆ ಬಂದು ವಾರದ ಮೇಲಾಯಿತು. ತಡವಾಯಿತೆಂದು ಬೇಜಾರು ಮಾಡ್ಕೋಬೇಡ. ಮೊದಲ ಸಲ ಓದಿದಾಗ ಆ ನಿರ್ದೇಶಕನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಸಿಟ್ಟಿನಲ್ಲಿ ಓದಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ದಿನ ಮೇಜಿನ ಮೇಲೆ ಹಾಗೇ ಬಿಟ್ಟು, ಆಮೇಲೆ ಪೆನ್ಸಿಲ್ ಹಿಡಿದು ಕೂತೆ.

ಕೊನೆಯ ಸಾಲಿನಲ್ಲಿ ‘ಇದು ನನ್ನ ಸತ್ಯ’ ಎಂದು ಬರೆದಿದ್ದೀಯ. ನನ್ನ ಪೆನ್ಸಿಲ್ ಮೊದಲು ನಿಂತದ್ದು ಅಲ್ಲೇ. 2018ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಯ ವೇದಿಕೆಯ ಮೇಲೆ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಆ ಮಾತಾಡಿದ ಮೇಲೆ ಅದು ಊರೆಲ್ಲ ಓಡಾಡಿತು. ಬಾಯಿ ಕಟ್ಟಿಹೋದವರಿಗೆ ಅದರಿಂದ ಧೈರ್ಯ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಜ್ಜಿ ಹಾಗೆ ಹೇಳುತ್ತಿರಲಿಲ್ಲ. ‘ನನಗೆ ಹಂಗನ್ನಿಸ್ತು’ ಅನ್ನುತ್ತಿದ್ದಳು. ಅಥವಾ ‘ನಾನೇ ಕಂಡೆ’. ಅಥವಾ ‘ಹಂಗಂತೆ’. ಮೂರಕ್ಕೂ ಮೂರು ಬೇರೆ ಮಾತು. ಬೇರೆಯವರು ಹೇಳಿದ್ದನ್ನು ಹೇಳುವಾಗ ಕ್ರಿಯಾಪದದ ಬಾಲಕ್ಕೆ ಒಂದು ‘ಅಂತೆ’ ಅಂಟಿಸುವ ಸೌಕರ್ಯ ಎಲ್ಲ ಭಾಷೆಗೂ ಇಲ್ಲ. ನಮಗಿದೆ. ‘ಹೊಡೆದ’ ಅಂದರೆ ನಾನು ನೋಡಿದ್ದೇನೆ. ‘ಹೊಡೆದನಂತೆ’ ಅಂದರೆ ನನ್ನನ್ನು ಸಾಕ್ಷಿಗೆ ಕರೀಬೇಡಿ.

ನಿನ್ನ ಹನ್ನೊಂದು ಪುಟದಲ್ಲಿ ಈ ಮೂರೂ ಇವೆ. ಆದರೆ ಎಲ್ಲಕ್ಕೂ ಒಂದೇ ಅಂಗಿ ತೊಡಿಸಿದ್ದೀಯ.

ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಮೂವತ್ತು ವರ್ಷಕ್ಕೂ ಹಿಂದೆ ಒಂದು ಜಿಲ್ಲಾ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ವಿದ್ಯಾರ್ಥಿ ನಿಲಯದ ಮೂವರು ಹುಡುಗರು ಬಂದರು. ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಯ ಹಿಂದೆ ಟೆಂಪೋ ನಿಂತಿತ್ತು, ಆರು ಮೂಟೆ ಅಕ್ಕಿ ಹೇರಿದರು, ವಾರ್ಡನ್ನೇ ಟಾರ್ಚ್ ಹಿಡಿದು ನಿಂತಿದ್ದರು ಎಂದರು. ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಮೂವರದ್ದೂ ಒಂದೇ ಮಾತು. ಮಾರನೆಯ ದಿನವೇ ಮೊದಲ ಪುಟದಲ್ಲಿ ಬಂತು: ಮಕ್ಕಳ ಅಕ್ಕಿ ಕಾಳಸಂತೆಗೆ, ವಾರ್ಡನ್ ಕೈವಾಡ. ಕೊನೆಗೆ ಹುಷಾರಿಗೆ ಒಂದು ‘ಎನ್ನಲಾಗಿದೆ’ ಸೇರಿಸಿದ್ದೆ.

ನಾಲ್ಕನೇ ದಿನ ಆ ವಾರ್ಡನ್ ಬಂದರು. ಬಟ್ಟೆಯ ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು, ಪಕ್ಕದ ತಾಲೂಕಿನ ನಿಲಯದಲ್ಲಿ ಅಕ್ಕಿ ಮುಗಿದಿದೆ, ಆರು ಮೂಟೆ ಕಳಿಸಿ ಎಂಬ ಆದೇಶ. ಇನ್ನೊಂದು, ಆರು ಮೂಟೆ ತಲುಪಿತು ಎಂಬ ಸ್ವೀಕೃತಿ, ಸಹಿ ತಾರೀಖು ಸಮೇತ. ರಾತ್ರಿ ಯಾಕೆ ಅಂದರೆ, ಟೆಂಪೋದವನು ತನ್ನ ಹಗಲಿನ ಬಾಡಿಗೆ ಮುಗಿಸಿಕೊಂಡು ಬಂದಿದ್ದ. ಮನುಷ್ಯ ಕೂಗಾಡಲಿಲ್ಲ. ‘ಒಂದ್ಸಲ ಬಂದು ಕೇಳಬಹುದಿತ್ತಲ್ವಾ?’ ಅಂದರು ಅಷ್ಟೇ. ನಮ್ಮ ಆಫೀಸಿನಿಂದ ಆ ನಿಲಯಕ್ಕೆ ಸೈಕಲ್ಲಿನಲ್ಲಿ ಕಾಲು ಗಂಟೆ. ನಾನು ಹೋಗಿರಲಿಲ್ಲ. ಕೇಳಿದರೆ ಸುದ್ದಿ ಕೆಡುತ್ತದೆ ಅನ್ನುವ ಭಯ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಸ್ಪಷ್ಟೀಕರಣ ಹಾಕಿದೆವು. ಒಳಪುಟದಲ್ಲಿ, ಅಡಿಕೆ ಧಾರಣೆಯ ಕೆಳಗೆ, ನಾಲ್ಕು ಸಾಲು. ಅದನ್ನು ಓದಿದವರು ಯಾರೂ ನನಗೆ ಸಿಗಲಿಲ್ಲ. ಹುಡುಗರು ಅವರಿಗಿಟ್ಟ ‘ಅಕ್ಕಿಮೂಟೆ’ ಎಂಬ ಅಡ್ಡಹೆಸರು ಮಾತ್ರ ಅವರು ನಿವೃತ್ತರಾಗುವವರೆಗೂ ಉಳಿಯಿತು.

ಆ ಹುಡುಗರು ಸುಳ್ಳು ಹೇಳಿರಲಿಲ್ಲ ನೋಡು. ಟೆಂಪೋ ನಿಜ, ಮೂಟೆ ನಿಜ, ಟಾರ್ಚೂ ನಿಜ. ಕಳ್ಳತನವನ್ನು ಮಾತ್ರ ಅವರಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ಸೇರಿಸಿದ್ದು ನಾನು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕ ತೆಗೆದುಕೊಂಡವರೇ ನಾವೆಲ್ಲ.

ಆ ‘ಎನ್ನಲಾಗಿದೆ’ ಬಗ್ಗೆ ಒಂದು ಮಾತು. ನಮ್ಮ ಪತ್ರಿಕಾ ಕನ್ನಡದಲ್ಲಿ ಅದೊಂದು ತಾಯಿತ. ‘ಅಂತೆ’ಗೆ ಕೋಟು ಹಾಕಿಸಿದರೆ ‘ಎನ್ನಲಾಗಿದೆ’ ಆಗುತ್ತದೆ. ಅಂದವರು ಯಾರು, ಯಾವಾಗ, ಯಾರ ಹತ್ತಿರ? ಅದು ಹೇಳುವುದಿಲ್ಲ. ಅಜ್ಜಿಯ ‘ಅಂತೆ’ಯಲ್ಲಿ ಪ್ರಾಮಾಣಿಕತೆ ಇತ್ತು, ‘ಎನ್ನಲಾಗಿದೆ’ಯಲ್ಲಿ ಜಾಸ್ತಿ ಇರುವುದು ಜಾರಿಕೊಳ್ಳುವ ಆಸೆ. ಜಾರಿಕೊಳ್ಳಲೂ ಆಗುವುದಿಲ್ಲ ಅನ್ನು. ಬೇರೆಯವರ ಆರೋಪವನ್ನು ನೀನು ಮತ್ತೆ ಅಚ್ಚು ಹಾಕಿದರೆ ಕಾನೂನಿನ ಕಣ್ಣಿಗೆ ಅದು ನಿನ್ನ ಪ್ರಕಟಣೆಯೇ.

ಕಾನೂನಿನ ಮಾತು ಬಂತಲ್ಲ, ಬೇಗ ಮುಗಿಸುತ್ತೇನೆ. ಮಾನನಷ್ಟ ನಮ್ಮಲ್ಲಿ ಈಗಲೂ ಕ್ರಿಮಿನಲ್ ಅಪರಾಧ. ಮೊದಲು ಭಾರತೀಯ ದಂಡ ಸಂಹಿತೆಯ (ಐಪಿಸಿ) 499, 500. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಎರಡು ವರ್ಷದವರೆಗೆ ಸಜೆ ಆಗಬಹುದು. ಇದನ್ನು ತೆಗೆದುಹಾಕಿ ಎಂದು ಕೇಳಿದವರಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ನೀನು ಬರೆದದ್ದು ನಿಜ ಅನ್ನುವುದಷ್ಟೇ ಈ ಕಾನೂನಿಗೆ ಸಾಲದು. ನಿಜವೂ ಆಗಿರಬೇಕು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ಎರಡನ್ನೂ ತೋರಿಸಬೇಕಾದವಳು ನೀನು. ಅನ್ಯಾಯ ಆದದ್ದು ನಿನಗೆ, ಆರೋಪಿಯ ಕಟಕಟೆಯಲ್ಲಿ ನಿಲ್ಲುವವಳೂ ನೀನೇ.

ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಬಂದ ಒಂದು ವರದಿಗೆ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟಿನಲ್ಲಿ ಆರು ತಿಂಗಳ ಶಿಕ್ಷೆ ಕೇಳಬೇಕಾಯಿತು. ಜಾಮೀನು ಸಿಕ್ಕಿತು. ನಡುವೆ ಹೋದದ್ದು ಎಂಟು ವರ್ಷ. ಕೋರ್ಟಿನ ವರಾಂಡದಲ್ಲಿ ಕೂತವರಿಗೆ ಗೊತ್ತು, ‘ಮುಂದಿನ ತಾರೀಖು’ ಅನ್ನುವುದೇ ಒಂದು ಶಿಕ್ಷೆ.

ಇಷ್ಟು ಓದಿ ‘ಹಾಗಾದರೆ ಸುಮ್ನೆ ಇರು ಅಂತೀರಾ?’ ಎಂದು ನೀನು ಕೇಳುತ್ತೀಯ. ಇಲ್ಲ. ನಿನ್ನದು ಅಕ್ಕಿಮೂಟೆಯ ಕತೆಯಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಯಾರೂ ಸ್ವೀಕೃತಿ ಕೊಡುವುದಿಲ್ಲ. ಅಲ್ಲಿ ಎಷ್ಟೋ ಸಲ ಇರುವ ಸಾಕ್ಷಿ ಅನುಭವಿಸಿದವರ ಮಾತೊಂದೇ. ಅದು ಸಾಕ್ಷಿಯೇ ಅಲ್ಲ ಅನ್ನುವವರ ಜೊತೆ ನಾನಿಲ್ಲ.

ಪತ್ರಕರ್ತೆ ಪ್ರಿಯಾ ರಮಣಿಯ ಕೇಸನ್ನು ಪೂರ್ತಿ ಓದು. ಪೇಪರಿನ ಹೆಡ್ಡಿಂಗ್ ಸಾಲದು. 1993ರ ಡಿಸೆಂಬರಿನಲ್ಲಿ ಮುಂಬೈನ ಒಂದು ಹೋಟೆಲಿಗೆ ಕೆಲಸದ ಸಂದರ್ಶನಕ್ಕೆ ಹೋದಾಗ ಆಗ ಸಂಪಾದಕರಾಗಿದ್ದ ಎಂ. ಜೆ. ಅಕ್ಬರ್ ನಡೆದುಕೊಂಡ ರೀತಿಯ ಬಗ್ಗೆ ಅವರು 2017ರಲ್ಲಿ ಒಂದು ಲೇಖನದಲ್ಲಿ ಬರೆದರು. ಹೆಸರು ಹಾಕಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಟ್ವೀಟ್ ಮಾಡಿ ಹೆಸರು ಹೇಳಿದರು. ಇನ್ನೂ ಹಲವು ಹೆಂಗಸರು ಮಾತಾಡಿದರು. ಅಕ್ಬರ್ ಎಲ್ಲವನ್ನೂ ಅಲ್ಲಗಳೆದರು, ಮಾನನಷ್ಟದ ದೂರು ಹಾಕಿದರು, ಅಕ್ಟೋಬರ್ 17ಕ್ಕೆ ಕೇಂದ್ರ ಮಂತ್ರಿಗಿರಿ ಬಿಟ್ಟರು. 2021ರ ಫೆಬ್ರವರಿ 17ರಂದು ದೆಹಲಿಯ ಕೋರ್ಟ್ ರಮಣಿಯವರನ್ನು ಖುಲಾಸೆ ಮಾಡಿತು. ದಶಕಗಳ ಮೇಲೂ, ತನಗೆ ಬೇಕಾದ ವೇದಿಕೆಯಲ್ಲಿ ಹೆಣ್ಣು ತನ್ನ ದೂರು ಹೇಳಿಕೊಳ್ಳಬಹುದು ಎಂದಿತು. ಅಕ್ಬರ್ ಅದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದರು.

ಬರೆಯುವವರಾಗಿ ನಾವು ನೋಡಬೇಕಾದ್ದು ಬೇರೆ. ಆ ಟ್ವೀಟಿನಲ್ಲಿ ರಮಣಿ, ತಾನು ಇಷ್ಟು ದಿನ ಹೆಸರು ಹೇಳದೇ ಇದ್ದದ್ದು ಆತ ಏನೂ ‘ಮಾಡದೆ’ ಇದ್ದುದರಿಂದ ಎಂದು ಬರೆದಿದ್ದರು. ಆ ‘ಮಾಡದೆ’ಗೆ ಉದ್ಧರಣ ಚಿಹ್ನೆ ಹಾಕಿದ್ದರು. ಕೋರ್ಟಿನಲ್ಲಿ ಆ ಒಂದು ಚಿಹ್ನೆಯನ್ನೂ ವಿವರಿಸಬೇಕಾಯಿತು. ಅದೇ ಟ್ವೀಟಿನಲ್ಲಿ ಬೇಟೆಗಾರ ಅನ್ನುವ ಅರ್ಥದ ಒಂದು ಪದ ಇತ್ತು, ಎದುರು ವಕೀಲರು ಅದನ್ನು ಬಿಡಲಿಲ್ಲ. ಲೇಖನದ ಮೊದಲ ಭಾಗ ಮಾತ್ರ ಅಕ್ಬರ್ ಬಗ್ಗೆ, ಉಳಿದದ್ದು ಬೇರೆ ಬಾಸುಗಳ ಬಗ್ಗೆ ಎಂದು ರಮಣಿ ಹೇಳಿದರು. ಹಾಗೆ ಬರೆದಿರಲಿಲ್ಲವಲ್ಲ ಎಂಬ ವಾದ ಎದ್ದಿತು. ಅವರಿಗೆ ನೆರವಾದದ್ದು ಯಾವುದು ಗೊತ್ತಾ? ಆವತ್ತೇ ಅವರು ಗೆಳತಿಯೊಬ್ಬರಿಗೆ ನಡೆದದ್ದನ್ನು ಹೇಳಿಕೊಂಡಿದ್ದರು. ಇಪ್ಪತ್ತೈದು ವರ್ಷದ ಮೇಲೆ ಆ ಗೆಳತಿ ಬಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು.

ಖುಲಾಸೆ ಅಂದರೆ ಅಕ್ಬರ್ ಅಪರಾಧಿ ಎಂಬ ತೀರ್ಪೂ ಅಲ್ಲ. ಆ ಕೇಸು ಅದರ ಬಗ್ಗೆ ಇರಲೇ ಇಲ್ಲ. ಇದೇ ತಪ್ಪನ್ನು ಜನ ಉಲ್ಟಾ ಕೂಡ ಮಾಡುತ್ತಾರೆ. ಪೊಲೀಸರು ಕೇಸು ಮುಗಿಸುವ ಬಿ ರಿಪೋರ್ಟ್ ಹಾಕಿದ ಕೂಡಲೇ ‘ನೋಡಿ, ಅವಳು ಹೇಳಿದ್ದೆಲ್ಲ ಸುಳ್ಳು’ ಎನ್ನುತ್ತಾರೆ. ಸಾಕ್ಷಿ ಸಾಲಲಿಲ್ಲ ಅನ್ನುವುದಕ್ಕೂ ಸುಳ್ಳು ಅನ್ನುವುದಕ್ಕೂ ನಡುವೆ ಒಂದು ಊರಷ್ಟು ದೂರ ಇದೆ.

ನಂಬಿಕೆಯ ಹೆಸರಲ್ಲಿ ಪರಿಶೀಲನೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಇದೆ. 2014ರ ನವೆಂಬರಿನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತೆಂಬ ಒಂದು ಸಾಮೂಹಿಕ ಅತ್ಯಾಚಾರದ ವರದಿ ಹಾಕಿದರು. ಒಬ್ಬಳೇ ಹುಡುಗಿಯ ಮಾತು. ಆಕೆಗೆ ನೋವಾಗಬಾರದು ಎಂದು, ಆ ರಾತ್ರಿ ಆಕೆಯನ್ನು ನೋಡಿದ ಗೆಳೆಯರನ್ನೂ ವರದಿಗಾರ್ತಿ ಮಾತಾಡಿಸಲಿಲ್ಲ, ಮುಖ್ಯ ಆರೋಪಿಯನ್ನೂ ಹುಡುಕಿ ಕೇಳಲಿಲ್ಲ. ಕೆಲವೇ ವಾರದಲ್ಲಿ ವರದಿ ಬಿಚ್ಚಿಕೊಂಡಿತು. ಕೊಲಂಬಿಯಾ ಪತ್ರಿಕೋದ್ಯಮ ಶಾಲೆಯವರು ಬಂದು ತಪ್ಪುಗಳನ್ನು ಒಂದೊಂದಾಗಿ ತೆಗೆದಿಟ್ಟರು, 2015ರ ಏಪ್ರಿಲಿನಲ್ಲಿ ಲೇಖನ ವಾಪಸಾಯಿತು. ಅದರಲ್ಲಿ ಕೆಟ್ಟವಳೆಂದು ಚಿತ್ರಿಸಲಾಗಿದ್ದ ವಿಶ್ವವಿದ್ಯಾಲಯದ ಅಧಿಕಾರಿಣಿಯೊಬ್ಬರಿಗೆ ಜ್ಯೂರಿ 30 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಆದರೆ ಆ ಹಣಕ್ಕಿಂತ ದೊಡ್ಡ ನಷ್ಟ ಆಮೇಲೆ ಬಾಯಿಬಿಡಬೇಕೆಂದಿದ್ದ ಹುಡುಗಿಯರದ್ದು ಎಂದು ನನಗನ್ನಿಸುತ್ತದೆ. ‘ಅನ್ನಿಸುತ್ತದೆ’ ಎಂದೇ ಬರೆದಿದ್ದೇನೆ, ಗಮನಿಸು. ಅದನ್ನು ಎಣಿಸಿ ನೋಡಿದವನಲ್ಲ ನಾನು.

ಈಗ ನಿನ್ನ ಪುಟಗಳು.

ಮೂರನೇ ಪುಟಕ್ಕೆ ನಾನು ಕೈ ಹಚ್ಚಿಲ್ಲ. ತಾಲೀಮು ಮುಗಿದ ಮೇಲೆ ಸಂಭಾಷಣೆ ಸರಿಮಾಡೋಣ ಎಂದು ಕರೆದದ್ದು, ಚಾಪೆಯ ಮೇಲೆ ಕೂರಿಸಿದ್ದು, ಹೆಗಲ ಮೇಲಿಟ್ಟ ಕೈ ತೆಗೆಯದೇ ಮಾತಾಡಿದ್ದು, ಆ ಕೈಗೆ ಬಣ್ಣ ಅಳಿಸುವ ಕೊಬ್ಬರಿ ಎಣ್ಣೆಯ ವಾಸನೆ ಇದ್ದದ್ದು. ಅಲ್ಲಿ ನೀನು ಒಂದೇ ಒಂದು ಬೈಗುಳ ಬಳಸಿಲ್ಲ. ಓದುವವನಿಗೆ ಉಸಿರು ಕಟ್ಟುತ್ತದೆ.

ಐದನೇ ಪುಟದಲ್ಲಿ ‘ಇಡೀ ರಂಗಭೂಮಿಗೆ ಗೊತ್ತಿರುವ ವಿಷಯ’ ಎಂದಿದೆ. ಇಡೀ ರಂಗಭೂಮಿ ನಿನ್ನ ಪರ ಕೋರ್ಟಿಗೆ ಬರುವುದಿಲ್ಲ ಮಾರಾಯ್ತಿ. ಸಾಕ್ಷಿ ಹೇಳುವ ಹೊತ್ತಿಗೆ ಎಲ್ಲರಿಗೂ ಊರಲ್ಲಿ ಕೆಲಸ ಇರುತ್ತದೆ. ‘ಎಷ್ಟೋ ಹುಡುಗಿಯರ ಬದುಕು ಹಾಳು ಮಾಡಿದ’ ಎಂದಿದೆ. ಎಷ್ಟು ಜನರ ಹತ್ತಿರ ನೀನೇ ಮಾತಾಡಿದ್ದೀಯ? ಇಬ್ಬರಾದರೆ ಇಬ್ಬರು ಎಂದು ಬರೆ. ಅವರು ಒಪ್ಪಿದರೆ ಅವರ ಮಾತಿನಲ್ಲೇ ಬರಲಿ, ಒಪ್ಪದಿದ್ದರೆ ಬಿಡು. ಅವರ ಕತೆ ನಿನ್ನ ಕೈಯಲ್ಲಿರುವ ಕಲ್ಲಲ್ಲ. ಅವರಲ್ಲಿ ಯಾರದ್ದಾದರೂ ಅತ್ಯಾಚಾರದ ಪ್ರಕರಣವಾಗಿದ್ದರೆ ಗುರುತು ಸಿಗುವ ಹಾಗೆ ಬರೆಯುವುದೇ ಅಪರಾಧ. ಕೆಲಸದ ಜಾಗದ ಲೈಂಗಿಕ ಕಿರುಕುಳ ವಿಚಾರಿಸುವ ಆಂತರಿಕ ಸಮಿತಿಗೆ ದೂರು ಹೋಗಿದ್ದರೆ ಅದರ ವಿವರವನ್ನೂ 2013ರ ಕಾಯ್ದೆ ಬಹಿರಂಗ ಮಾಡಲು ಬಿಡುವುದಿಲ್ಲ.

‘ನಾನು ಹೆಸರು ಹಾಕಿಲ್ಲವಲ್ಲ’ ಎಂದಿದ್ದೀಯ. ಊರು ಹಾಕಿದ್ದೀಯ, ಬಂದ ಪ್ರಶಸ್ತಿ ಹಾಕಿದ್ದೀಯ, ಬಿಳಿ ಗಡ್ಡವನ್ನೂ ಹಾಕಿದ್ದೀಯ. ಹಾಲಿವುಡ್ ನಟಿ ಆಂಬರ್ ಹರ್ಡ್ ದೌರ್ಜನ್ಯದ ಬಗ್ಗೆ 2018ರಲ್ಲಿ ಬರೆದ ಲೇಖನದಲ್ಲಿ ಮಾಜಿ ಗಂಡ, ನಟ ಜಾನಿ ಡೆಪ್ ಹೆಸರು ಎಲ್ಲೂ ಇರಲಿಲ್ಲ. 2022ರಲ್ಲಿ ವರ್ಜೀನಿಯಾದ ಜ್ಯೂರಿ ಹರ್ಡ್ ವಿರುದ್ಧ ತೀರ್ಪು ಕೊಡಲು ಅದು ಅಡ್ಡ ಬರಲಿಲ್ಲ. ಎರಡು ವರ್ಷ ಮೊದಲು ಲಂಡನ್ನಿನಲ್ಲಿ ಅದೇ ಡೆಪ್ ಒಂದು ಪತ್ರಿಕೆಯ ಮೇಲೆ ಹಾಕಿದ ಕೇಸಿನಲ್ಲಿ, ಆತ ಹೆಂಡತಿಗೆ ಹೊಡೆಯುವವನೆಂದು ಪತ್ರಿಕೆ ಬರೆದದ್ದು ಬಹುಮಟ್ಟಿಗೆ ನಿಜ ಎಂದು ನ್ಯಾಯಾಧೀಶರು ಹೇಳಿದ್ದರು. ಒಂದೇ ಸಂಸಾರ, ಎರಡು ಕೋರ್ಟು, ಎರಡು ದಾರಿ. ವಸ್ತುನಿಷ್ಠ ಸತ್ಯ ಕೋರ್ಟಿನ ಬೀರುವಿನಲ್ಲಿ ಇಟ್ಟಿರುತ್ತಾರೆ ಅಂತ ನಂಬುವುದೂ ನಿನ್ನ ವಯಸ್ಸಿನವರ ತಪ್ಪೇ. ಹೆಸರು ಹಾಕುವುದಾದರೆ ಧೈರ್ಯವಾಗಿ ಹಾಕು, ಇಲ್ಲವಾದರೆ ಗಡ್ಡ ತೆಗೆ.

ಎಂಟನೇ ಪುಟದಲ್ಲಿ ಅವನ ಮನಸ್ಸಿನೊಳಗೆ ಹೋಗಿದ್ದೀಯ. ‘ನನ್ನನ್ನು ಮುರಿಯಬೇಕೆಂದೇ ಪಾತ್ರ ಕಿತ್ತುಕೊಂಡ’. ಕಿತ್ತುಕೊಂಡದ್ದು ನಿನಗೆ ಗೊತ್ತು. ಯಾವ ದಿನ, ಯಾರಿಗೆ ಕೊಟ್ಟ, ಎಲ್ಲರೆದುರು ಏನು ಹೇಳಿ ಕೊಟ್ಟ, ಬರೆ. ‘ಬೇಕೆಂದೇ’ ಅನ್ನುವುದನ್ನು ಓದುವವರಿಗೆ ಬಿಡು. ಅವರು ದಡ್ಡರಲ್ಲ.

ಇನ್ನೊಂದು ಕೆಲಸ ನಿನಗೆ ಇಷ್ಟ ಆಗುವುದಿಲ್ಲ. ಅವನಿಗೊಂದು ಕಾಗದ ಹೋಗಬೇಕು. ನೀನೇ ಬರೆಯಬೇಡ, ಮುಖ ನೋಡಲೂ ಬೇಡ. ಪ್ರಕಟಿಸುವ ಸಂಪಾದಕರು ಬರೆಯಲಿ: ಹೀಗೆ ಹೀಗೆ ಆರೋಪ ಇದೆ, ನಿಮ್ಮ ಉತ್ತರವೇನು? ಇಂತಿಷ್ಟು ದಿನದೊಳಗೆ ಕಳಿಸಿ. ಬಂದ ಉತ್ತರ, ಅದು ಎಷ್ಟೇ ಹೊಲಸಾಗಿರಲಿ, ಲೇಖನದ ಜೊತೆ ಅಚ್ಚಾಗಲಿ. ನಾನು ಸೈಕಲ್ ಹತ್ತದೇ ಉಳಿದ ಆ ಕಾಲು ಗಂಟೆಯನ್ನು ನೀನು ಉಳಿಸಬೇಡ. ಕಳಿಸುವ ಮೊದಲು ಒಬ್ಬ ವಕೀಲರಿಗೆ ತೋರಿಸು, ನನ್ನ ಮಾತು ವಕೀಲಿಕೆ ಅಲ್ಲ.

ಆ ಮೂರನೇ ಪುಟದ ರಾತ್ರಿ ಯಾರಿಗಾದರೂ ಹೇಳಿದ್ದೆಯಾ? ಅಕ್ಕನಿಗೆ, ಹಾಸ್ಟೆಲಿನ ರೂಮ್‌ಮೇಟಿಗೆ? ಹಳೆಯ ಫೋನು ಇದ್ದರೆ ಮಾರಬೇಡ. ಮೆಸೇಜುಗಳನ್ನು ಹಾಗೇ ಇಡು, ಒಂದಕ್ಷರ ತಿದ್ದಬೇಡ. ನೆನಪಿಲ್ಲದ ಕಡೆ ‘ನೆನಪಿಲ್ಲ’ ಎಂದೇ ಬರೆ. ವಾರ ಬುಧವಾರವೋ ಗುರುವಾರವೋ ಗೊತ್ತಿಲ್ಲದಿದ್ದರೆ ಚಂದಕ್ಕೆಂದು ಬುಧವಾರ ಮಾಡಬೇಡ.

ಪುಟಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಕಂ’, ‘ಅನ್ನಿ’, ‘ಅಂ’ ಎಂದು ಗುರುತು ಮಾಡಿದ್ದೇನೆ. ಕಂಡದ್ದು, ಅನ್ನಿಸಿದ್ದು, ಅಂತೆ. ‘ಕಂ’ಗಳು ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇವೆ. ಒಂದು ಕಡೆ ಮಾತ್ರ ನನಗೆ ಯಾವ ಗುರುತೂ ಹಾಕಲಾಗಲಿಲ್ಲ. ನಾಲ್ಕನೇ ಪುಟದಲ್ಲಿ ‘ಬಾಗಿಲ ಚಿಲಕ ಹಾಕಿತ್ತು’ ಎಂದಿದೆ. ಅವನು ಹಾಕಿದ್ದನ್ನು ನೀನು ನೋಡಿದೆಯಾ, ಇಲ್ಲಾ ಹೊರಗೆ ಬರಲು ಹೋದಾಗ ಹಾಕಿರುವುದು ಗೊತ್ತಾಯಿತಾ? ನಿಧಾನವಾಗಿ ಯೋಚಿಸಿ ಬರೆ.

ನಿನ್ನ,
ಅದೇ ಹಳೆಯ ವಿಳಾಸದಿಂದ